ಮೂಕಪ್ರಾಣಿಯ ಪಥ್ಯ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಒಕ್ಕಲು ಮನೆಗಳಲ್ಲಿ ನಾಯಿಗೆಂದು ಬೇರೆ ಅಡುಗೆ ಮಾಡುವ ವಾಡಿಕೆ ಕಡಿಮೆ. ಮನೆಮಂದಿ ಉಣ್ಣುವ ಜೋಳದ ರೊಟ್ಟಿ, ತೊಗರಿಬೇಳೆಯ ಸಾರು, ಒಂದಿಷ್ಟು ಹಾಲೇ ಅದಕ್ಕೂ ಆಹಾರ. ಆದರೆ ಮೂತ್ರಪಿಂಡ ಕೆಟ್ಟ ನಾಯಿಗೆ ಪ್ರೀತಿಯಿಂದ ಇಕ್ಕಿದ ಈ ತುತ್ತೇ ಭಾರವಾಗಬಲ್ಲದು. ಈ ಸಂಗತಿಯನ್ನು ಗೃಹಸ್ಥರ ಗಮನಕ್ಕೆ ತರುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವಯಸ್ಸಾದ ನಾಯಿ ಮೊದಲಿಗಿಂತ ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು, ಮೈ ಇಳಿಯುವುದು, ಊಟ ಬಿಡುವುದು ಈ ರೋಗದ ಕುರುಹುಗಳು. ಇವು ಕಾಣುವ ಹೊತ್ತಿಗೆ ಮೂತ್ರಪಿಂಡಗಳ ಶಕ್ತಿಯಲ್ಲಿ ಸುಮಾರು 3ರಲ್ಲಿ 2 ಪಾಲು ನಷ್ಟವಾಗಿರುತ್ತದೆ. ಹಳೆಯ ರೋಗದಲ್ಲಿ ಹೋದ ಶಕ್ತಿ ಮರಳದು. ಉಳಿದುದನ್ನು ಕಾಪಾಡುವುದೇ ಪಥ್ಯದ ಗುರಿ. ಅತಿಯಾಗಿ ಮೂತ್ರ ಮಾಡುತ್ತದೆಂದು ನೀರನ್ನು ತಡೆಯಲೇಬಾರದು. ನಮ್ಮ ಕಡೆಯ ಬೇಸಿಗೆಯಲ್ಲಂತೂ ಅದರ ಮುಂದೆ ಶುದ್ಧ ನೀರು ಸದಾ ಇರಬೇಕು.

ಕೆಟ್ಟ ಮೂತ್ರಪಿಂಡವು ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಸರಿಯಾಗಿ ಹೊರಹಾಕಲಾರದು. ಎಲುಬು, ಮಾಂಸ, ಹಾಲು, ಬೇಳೆಗಳಲ್ಲಿ ಅದು ಅಧಿಕ. ಬಿಳಿ ಅಕ್ಕಿಯ ಅನ್ನದಲ್ಲಿ ಜೋಳಕ್ಕಿಂತ ಕಡಿಮೆ. ಆದುದರಿಂದ ಉಪ್ಪಿಲ್ಲದ ಮೆತ್ತನೆಯ ಅನ್ನವನ್ನು ಬೆಚ್ಚಗೆ, ದಿನಕ್ಕೆ 3-4 ಸಲ, ಸ್ವಲ್ಪಸ್ವಲ್ಪವಾಗಿ ಇಕ್ಕುವುದು ಲೇಸು. ಆದರೆ ಬರಿಯ ಅನ್ನದಿಂದ ನಾಯಿ ಕೃಶವಾಗುತ್ತದೆ. ರಕ್ತಪರೀಕ್ಷೆ ಮಾಡಿಸಿ, ಪ್ರೋಟೀನು, ತುಪ್ಪ, ಜೀವಸತ್ವಗಳ ಪ್ರಮಾಣವನ್ನು ಪಶುವೈದ್ಯರಿಂದಲೇ ಗೊತ್ತುಮಾಡಿಸಬೇಕು.

ಇಲ್ಲಿ ನಮ್ಮ ಮನೆಗಳಿಗೆ ಒಂದು ಧರ್ಮಸೂಕ್ಷ್ಮ ಎದುರಾಗುತ್ತದೆ. ಕಡಿಮೆ ರಂಜಕದ ಉತ್ತಮ ಪ್ರೋಟೀನೆಂದು ವೈದ್ಯರು ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ಹೇಳುವುದುಂಟು. ಶಾಕಾಹಾರವು ನಾವು ಅರಿತು ಹಿಡಿದ ವ್ರತ. ನಾಯಿ ಹಿಡಿದ ವ್ರತವಲ್ಲ. ಹೊರಗೆ ಬೇರೆ ಪಾತ್ರೆಯಲ್ಲಿ ಬೇಯಿಸಿ ಕೊಟ್ಟರೆ ಮನೆಯ ಆಚಾರಕ್ಕೆ ಕುಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಮನಸ್ಸು ಒಪ್ಪದವರು ಅದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ ಬೇರೆ ದಾರಿ ಕೇಳಲಿ. ಕೊಡುತ್ತೇವೆಂದು ತಲೆಯಾಡಿಸಿ ಬಂದು ಕೊಡದಿರುವುದು ಮಾತ್ರ ಸಲ್ಲದು. ಅದರ ಫಲವನ್ನು ಉಣ್ಣುವುದು ಮೂಕಪ್ರಾಣಿ.

ಹಬ್ಬದ ದಿನ ಇನ್ನೂ ಎಚ್ಚರ ಬೇಕು. ದ್ರಾಕ್ಷಿ, ಒಣದ್ರಾಕ್ಷಿಗಳು ಆರೋಗ್ಯವಂತ ನಾಯಿಯ ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿಯೂ ಹೇರಳ. ಆದುದರಿಂದ ದ್ರಾಕ್ಷಿ ಹಾಕಿದ ಸಜ್ಜಕ, ಹುಣಸೆ ಹಿಂಡಿದ ಸಾರು ನಾಯಿಗೆ ಬೇಡ. ಉಪ್ಪಿನಕಾಯಿ, ಹಪ್ಪಳ, ಈರುಳ್ಳಿಗಳೂ ಬೇಡ. ಮನುಷ್ಯರ ನೋವಿನ ಗುಳಿಗೆಯನ್ನಂತೂ ಕೊಡಲೇಬಾರದು.

ದಾಸೋಹವೆಂದರೆ ಎಲೆ ತುಂಬುವಷ್ಟು ಬಡಿಸುವುದಲ್ಲ, ಉಣ್ಣುವ ಜೀವಕ್ಕೆ ಹಿತವಾದುದನ್ನು ನೀಡುವುದು. ಬಾಲ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತ ನಾಯಿಗೆ ಹೋಳಿಗೆಯ ಚೂರನ್ನು ಇಕ್ಕದಿರುವುದು ತಾಯಂದಿರಿಗೆ ಕಷ್ಟವೇ ಸರಿ. ಆದರೂ ಆ ಕ್ಷಣ ಕೈ ಹಿಡಿಯುವುದೇ ನಿಜವಾದ ಕರುಣೆ.