ಫಜ್ರ್ ಹೊತ್ತಿಗೆ ಬಿಗಿಯುವ ಬೆನ್ನು

ಮರಳೂರಿನಲ್ಲಿ ಗ್ಯಾರೇಜು, ಲಾರಿ, ಮಂಡಿ ಎಂದು ದುಡಿಯುವ ಹುಡುಗರಿಗೆ ಬೆನ್ನು ನೋವು ಬಂದರೆ, ಭಾರ ಎತ್ತಿದ್ದಕ್ಕೆ ಎಂದು ಮನೆಯವರು ಸುಮ್ಮನಾಗುತ್ತಾರೆ. ಹೆಚ್ಚಿನವರ ಮಟ್ಟಿಗೆ ಅದು ನಿಜ. ಆದರೆ ಭಾರ ಎತ್ತಿದ ನೋವು ಮಲಗಿದರೆ ತಗ್ಗುತ್ತದೆ. ಮಲಗಿದಷ್ಟೂ ಹೆಚ್ಚಾಗಿ, ರಾತ್ರಿಯ ಕೊನೆಯ ಜಾವದಲ್ಲಿ ನಿದ್ದೆ ಕೆಡಿಸಿ, ಫಜ್ರ್ ನಮಾಝಿಗೆ ಏಳುವಾಗ ರುಕೂವಿಗೆ ಬಾಗಲಾಗದಷ್ಟು ಬಿಗಿದು, ಓಡಾಡಿದ ಮೇಲೆ ಸಡಿಲವಾಗುವ ನೋವು ಬೇರೆಯದು. 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ದಾಟಿದ್ದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತವೇ ಎಂದು ನೋಡಿಸಬೇಕು. ಆಗಾಗ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಹೆಂಗಸರಿಗೂ ಇದು ಬರುತ್ತದೆ; ಬಾಣಂತನದ ನೋವೆಂದು ಹೇಳಿ ವರ್ಷಗಟ್ಟಲೆ ಕಳೆಯುವುದುಂಟು.

ಕಾರಣದ ಹುಡುಕಾಟದಲ್ಲಿ ದೊಡ್ಡ ಹೆಜ್ಜೆ 1973ರದು. ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಎರಡು ತಂಡಗಳು ಬೇರೆ ಬೇರೆಯಾಗಿ, ಈ ರೋಗಿಗಳಲ್ಲಿ ಬಹುತೇಕರಿಗೆ ಎಚ್‌ಎಲ್‌ಎ-ಬಿ27 ಎಂಬ ಜೀನ್ ಇದೆಯೆಂದು ತೋರಿಸಿದವು. ಆದರೂ ಆ ಜೀನ್ ಇರುವವರಲ್ಲಿ ಹೆಚ್ಚಿನವರಿಗೆ ರೋಗ ಬರುವುದೇ ಇಲ್ಲ. ಹಾಗಾಗಿ ರಕ್ತಪರೀಕ್ಷೆಯ ಕಾಗದ ಒಂದನ್ನೇ ನೋಡಿ ಹೆದರಬೇಡಿ, ಹೆಣ್ಣಿನ ನಿಕಾಹ್ ಮುರಿಯಲೂ ಬೇಡಿ. 2007ರಲ್ಲಿ ಇಆರ್‌ಎಪಿ1 ಎಂಬ ಇನ್ನೊಂದು ಜೀನ್ ಗೊತ್ತಾಯಿತು. ಅನೇಕ ರೋಗಿಗಳ ಕರುಳಿನಲ್ಲೂ ಸಣ್ಣ ಉರಿಯೂತ ಕಂಡಿರುವುದರಿಂದ ಸಂಶೋಧಕರ ಕಣ್ಣು ಈಗ ಕರುಳಿನ ಜೀವಾಣುಗಳ ಮೇಲಿದೆ. ಹೊಟ್ಟೆಯಿಂದ ರೋಗ ವಿಚಾರಿಸುವ ನಮ್ಮಂಥ ಯುನಾನಿಯವರಿಗೆ ಇದು ಹಿತವಾದ ಸುದ್ದಿ. ಆದರೆ ಅನ್ನ, ಆಲೂಗಡ್ಡೆ ಬಿಟ್ಟರೆ ರೋಗ ಹೋಗುತ್ತದೆ ಎಂಬುದು ಸಾಬೀತಾಗಿಲ್ಲ.

ಇನ್ನು ಚಿಕಿತ್ಸೆ. ನೋವು-ಊತ ತಗ್ಗಿಸುವ ಮಾತ್ರೆ ಮತ್ತು ದಿನನಿತ್ಯದ ವ್ಯಾಯಾಮ ಮೊದಲಿನದು. ಅದು ಸಾಲದಿದ್ದರೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು. 2016ರಿಂದ ಐಎಲ್-17 ತಡೆಯುವ ಸೆಕುಕಿನುಮಾಬ್ ಕೂಡ ಬಳಕೆಗೆ ಬಂದಿದೆ. 2014ರಲ್ಲಿ ಅಹಮದಾಬಾದಿನ ಕ್ಯಾಡಿಲಾ ಕಂಪನಿ ಅಡಾಲಿಮುಮಾಬ್‌ನ ದೇಶೀ ರೂಪ ತಂದ ಮೇಲೆ ಬೆಲೆ ಇಳಿಯಿತು. ಆದರೂ ಬಡವರಿಗೆ ಹಗುರವಲ್ಲ. ಟಿಎನ್‌ಎಫ್ ಚುಚ್ಚುಮದ್ದಿಗೆ ಮುಂಚೆ ಕ್ಷಯದ ಪರೀಕ್ಷೆ ಆಗಲೇಬೇಕು, ಏಕೆಂದರೆ ಒಳಗೆ ಮಲಗಿರುವ ಕ್ಷಯ ಎದ್ದು ಕೂರಬಹುದು.

ಯುನಾನಿ ಎಷ್ಟರ ಮಟ್ಟಿಗೆ? ನಮ್ಮ ಗ್ರಂಥಗಳು ಕೀಲುನೋವನ್ನು ವಜಉಲ್ ಮಫಾಸಿಲ್ ಎನ್ನುತ್ತವೆ, ಸುರಂಜಾನ್, ಮಾಲಿಶ್, ಹಿಜಾಮಾ ಹೇಳುತ್ತವೆ. ಮಾಲಿಶ್, ಹಿಜಾಮಾದಿಂದ ಕೆಲವರಿಗೆ ನೋವು ಹಗುರಾಗುತ್ತದೆ, ನಾನೂ ಮಾಡುತ್ತೇನೆ. ಮೂಳೆ ಕೂಡಿಕೊಳ್ಳುವುದನ್ನು ಅದು ನಿಲ್ಲಿಸುತ್ತದೆ ಎನ್ನಲು ನನ್ನ ಬಳಿ ಆಧಾರವಿಲ್ಲ. ಸುರಂಜಾನ್ ಪ್ರಮಾಣ ಮೀರಿದರೆ ವಿಷ. ಅಂಗಡಿಯಿಂದ ತಂದು ಕುದಿಸಿ ಕುಡಿಯಬೇಡಿ. ಒಂದೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು.

ಬೀಡಿ, ಸಿಗರೇಟು ಈ ರೋಗವನ್ನು ಮತ್ತಷ್ಟು ಕೆಡಿಸುತ್ತವೆ. ಸುಜೂದ್ ಆಗದ ದಿನ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ದೀನಿನಲ್ಲಿ ಸಡಿಲಿಕೆಯಿದೆ, ಸಂಕೋಚ ಬೇಡ. ರಮಝಾನಿನಲ್ಲಿ ನೋವಿನ ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳಿ ಇಫ್ತಾರ್ ಊಟದ ನಂತರಕ್ಕೆ ಬದಲಾಯಿಸಿಕೊಳ್ಳಿ. ಅನುಮಾನವಿದ್ದರೆ ಸೊಂಟದ ಕೀಲಿನ ಎಂಆರ್‌ಐ ಬಗ್ಗೆ ಕೇಳಿ; ಎಕ್ಸ್‌ರೇಯಲ್ಲಿ ಕಾಣಿಸಲು ಕೆಲವು ವರ್ಷ ಹಿಡಿಯುತ್ತದೆ. ಬೆಂಗಳೂರಿನಲ್ಲಿ ಇದಕ್ಕೆಂದೇ ಸಂಧಿವಾತ ತಜ್ಞರಿದ್ದಾರೆ, ಬೆಳಗಿನ ರೈಲು ಹತ್ತಿದರೆ ಸಂಜೆಗೆ ವಾಪಸ್ಸು ಬರಬಹುದು.