ಪೂಮಾದ ಹಿಕ್ಕೆಯಿಂದ ಎಮ್ಮೆಗರುವಿನ ಸಗಣಿವರೆಗೆ

ಅಕ್ಕಂದಿರೇ, ಬೆಳಗಾದರೆ ಕೊಟ್ಟಿಗೆಯ ಸಗಣಿ ಬಾಚುವ ಕೆಲಸ ಹೆಚ್ಚಿನ ಮನೆಗಳಲ್ಲಿ ನಿಮ್ಮದೇ. ಹಾಗಾಗಿ ರಾಸಿನ ಆರೋಗ್ಯದಲ್ಲಿ ಏರುಪೇರಾದರೆ ಅದರ ಸುಳಿವು ವೈದ್ಯರಿಗಿಂತ ಮೊದಲು ನಿಮಗೆ ಸಿಗುತ್ತದೆ. ಸಗಣಿ ಎಷ್ಟೆಲ್ಲ ಹೇಳಬಲ್ಲದು ಎಂಬುದಕ್ಕೆ ದೂರದ ಅರ್ಜೆಂಟೀನಾದ ಒಂದು ಸಂಗತಿ ಕೇಳಿ.

ಅಮೆರಿಕ ಖಂಡಗಳಲ್ಲಿ ಪೂಮಾ ಎಂಬ ಕಾಡುಪ್ರಾಣಿ ಇದೆ. ಬೆಟ್ಟದ ಸಿಂಹ ಎಂದೂ ಕರೆಯುತ್ತಾರೆ. ಹೆಚ್ಚುಕಡಿಮೆ ನಮ್ಮ ಚಿರತೆಯ ಗಾತ್ರ, ಆದರೆ ಮೈಮೇಲೆ ಚುಕ್ಕೆಗಳಿಲ್ಲ. ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದ ಒಂದು ಕಲ್ಲಾಸರೆಯಲ್ಲಿ ಒಣಗಿ ಗಟ್ಟಿಯಾದ ಹಿಕ್ಕೆ ಸಿಕ್ಕಿತು. ಅದರ ವಯಸ್ಸು ಸುಮಾರು 16,570ರಿಂದ 17,000 ವರ್ಷ! ವಿಜ್ಞಾನಿಗಳು ಅದನ್ನು ಪರೀಕ್ಷಿಸಿದಾಗ ಪೂಮಾದ ಡಿಎನ್ಎ ಜೊತೆಗೆ ದುಂಡು ಜಂತುಹುಳುವಿನ ಮೊಟ್ಟೆಗಳೂ ಸಿಕ್ಕವು. ಒಣ, ತಂಪು, ಉಪ್ಪಿನಂಶದ ವಾತಾವರಣದಿಂದಾಗಿ ಅವು ಅಷ್ಟು ಕಾಲ ಉಳಿದಿದ್ದವು. 2019ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮನುಷ್ಯರು ಸಾಕಿದ ನಾಯಿ, ಬೆಕ್ಕುಗಳಿಂದಲೇ ಈ ಹುಳು ಪೂಮಾಗಳಿಗೆ ಅಂಟಿತು ಎಂದು ಹಿಂದೆ ಭಾವಿಸಲಾಗಿತ್ತು. ಆದರೆ ಮನುಷ್ಯರು ಆ ಸೀಮೆಗೆ ಕಾಲಿಡುವ ಮೊದಲೇ ಪೂಮಾದ ಹೊಟ್ಟೆಯಲ್ಲಿ ಹುಳುವಿತ್ತು ಎಂದು ಆ ಹಿಕ್ಕೆ ಹೇಳಿತು.

ನಮ್ಮ ಕೊಟ್ಟಿಗೆಯಲ್ಲೂ ಹೀಗೆ ತಪ್ಪು ಊಹೆ ಮಾಡುವುದುಂಟು. ಕಳೆದ ಮಳೆಗಾಲದಲ್ಲಿ ಸಂಘದ ಸದಸ್ಯೆಯೊಬ್ಬರು ಒಂದು ತಿಂಗಳ ಎಮ್ಮೆಗರುವನ್ನು ತೋರಿಸಿದರು. ಹೊಟ್ಟೆ ಡುಬ್ಬ, ಕೂದಲು ಒರಟು, ಜೇಡಿಮಣ್ಣಿನ ಬಣ್ಣದ ನಾರುವ ಭೇದಿ. "ಹಾಲು ಅರಗ್ತಿಲ್ಲ ಡಾಕ್ಟ್ರೇ, ಅದಕ್ಕೇ ಕುಡಿಸೋದು ಕಡಿಮೆ ಮಾಡಿದೀನಿ" ಎಂದರು. ಸಗಣಿ ಪರೀಕ್ಷಿಸಿದರೆ ತುಂಬ ಜಂತುಹುಳುವಿನ ಮೊಟ್ಟೆಗಳು. ಹುಳುವಿನ ಜೊತೆಗೆ ಹಸಿವೂ ಸೇರಿ ಕರು ಸೊರಗಿತ್ತು. ಔಷಧ ಕೊಟ್ಟು, ಹಾಲು ಮೊದಲಿನಂತೆ ಕುಡಿಸಿದ ಮೇಲೆ ಚೇತರಿಸಿಕೊಂಡಿತು. ಇನ್ನೊಂದು ವಾರ ತಡವಾಗಿದ್ದರೆ ಉಳಿಯುವುದು ಕಷ್ಟವಿತ್ತು.

ಈ ಹುಳುವಿನ ಮರಿಗಳು ತಾಯಿಯ ಮೈಯಲ್ಲಿ ಅಡಗಿದ್ದು, ಕರು ಹಾಕಿದ ಮೇಲೆ ಹಾಲಿನ ಮೂಲಕ ಕರುವಿಗೆ ಬರುತ್ತವೆ. ಹಾಗೆಂದು ಗಿಣ್ಣು ಹಾಲು ತಪ್ಪಿಸಬೇಡಿ. ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದೇ ಅದರಿಂದ. ಬದಲಿಗೆ ಕರುವಿಗೆ 10ರಿಂದ 15 ದಿನವಾದಾಗ, ಅದರ ತೂಕಕ್ಕೆ ತಕ್ಕಷ್ಟು ಜಂತುನಾಶಕವನ್ನು ಪಶುವೈದ್ಯರನ್ನು ಕೇಳಿ ಕುಡಿಸಿ.

ಸಗಣಿ ಪರೀಕ್ಷೆ ಕಷ್ಟದ ಕೆಲಸವಲ್ಲ. ಉಪ್ಪುನೀರಿನಲ್ಲಿ ಕೋಳಿಮೊಟ್ಟೆ ತೇಲುವುದನ್ನು ನೋಡಿದ್ದೀರಿ. ದುಂಡು ಹುಳುವಿನ ಮೊಟ್ಟೆಗಳೂ ಗಾಢ ಉಪ್ಪುನೀರಿನಲ್ಲಿ ಮೇಲಕ್ಕೆ ತೇಲುತ್ತವೆ, ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಕೆರೆ, ಗದ್ದೆ ಬದಿಯ ಬಸವನಹುಳುಗಳ ಮೂಲಕ ಬರುವ ಚಪ್ಪಟೆ ಹುಳುವಿನ ಮೊಟ್ಟೆಗಳು ಭಾರ. ಅವು ತಳದಲ್ಲಿ ಸಿಗುತ್ತವೆ. ಹುಳು ಯಾವುದೆಂದು ತಿಳಿದರೆ ಔಷಧ ಯಾವುದೆಂದು ಗೊತ್ತಾಗುತ್ತದೆ. ಒಂದೇ ಔಷಧ ಎಲ್ಲಾ ಹುಳುಗಳಿಗೂ ನಾಟುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು:

• ಆಗತಾನೇ ಹಾಕಿದ ಸಗಣಿಯಲ್ಲಿ ನೆಲಕ್ಕೆ ತಾಗದ ಮೇಲಿನ ಭಾಗವನ್ನು ನಿಂಬೆಹಣ್ಣಿನಷ್ಟು ತೆಗೆದು, ಶುಚಿಯಾದ ಡಬ್ಬಿಯಲ್ಲಿ ಮುಚ್ಚಿಡಿ.

• ರಾಸಿನ ಗುರುತು, ದಿನಾಂಕ ಬರೆದು ಅದೇ ದಿನ ಪಶು ಆಸ್ಪತ್ರೆಗೆ ತಲುಪಿಸಿ. ತಡವಾಗುವುದಾದರೆ ತಂಪಾದ ಜಾಗದಲ್ಲಿಡಿ.

• ಗದ್ದದ ಕೆಳಗೆ ನೀರು ತುಂಬಿದಂತೆ ಊತ, ನಿಲ್ಲದ ಭೇದಿ, ಹಾಲು ಇಳಿಕೆ ಕಂಡರೆ ಕಾಯಬೇಡಿ.

• ಗಬ್ಬದ ರಾಸಿಗೆ ಕೇಳದೆ ಜಂತುನಾಶಕ ಕೊಡಬೇಡಿ. ಕೆಲವು ಔಷಧಗಳು ಗರ್ಭಕ್ಕೆ ಅಪಾಯ.

• ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂದು ತಪ್ಪದೆ ಕೇಳಿ.

ಒಂದು ಮಾತು ನೆನಪಿರಲಿ. ಎಳೆಯ ಹುಳುಗಳು ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಮೊಟ್ಟೆ ಕಾಣದಿದ್ದರೂ ರಾಸು ಸೊರಗುತ್ತಿದ್ದರೆ ಮತ್ತೆ ತೋರಿಸಿ. ನಾಳೆ ಸಗಣಿ ಬಾಚುವಾಗ ಬುಟ್ಟಿಗೆ ಹಾಕುವ ಮುನ್ನ ಅದರ ಬಣ್ಣ, ವಾಸನೆ, ಹದವನ್ನು ಒಮ್ಮೆ ಗಮನಿಸಿ. ಎಂದಿನಂತಿಲ್ಲ ಎನಿಸಿದರೆ ಒಂದು ಡಬ್ಬಿ ನಮ್ಮಲ್ಲಿಗೆ ಕಳುಹಿಸಿ.