ಬಾಡಿಗೆ ಮಿಕ್ಸರ್ ಬಂತಾ? ಮೊದಲು ಮೇಲೆ ನೋಡಿ

ನೌಕರಿ ಬೆಂಗಳೂರಲ್ಲಿ, ಮನೆ ಕಟ್ಟಿಸೋದು ಊರಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ನಮ್ಮ ವಯಸ್ಸಿನ ಎಷ್ಟೋ ಜನರ ಕಥೆ ಇದೇ. "ನಾಳೆ ಸ್ಲ್ಯಾಬ್ ಐತ್ರಿ, ಮಿಕ್ಸರ್‌ಗೆ ಅಡ್ವಾನ್ಸ್ ಹಾಕ್ರಿ" ಅಂತ ಮೇಸ್ತ್ರಿ ಫೋನ್ ಮಾಡ್ತಾರೆ. ನಾವು ಫೋನ್‌ಪೇ ಮಾಡಿ ಮೀಟಿಂಗ್‌ಗೆ ಹೋಗ್ತೀವಿ. ಬಾಡಿಗೆ ಎಷ್ಟು ಅಂತ ಕೇಳ್ತೀವಿ, ಮಷಿನ್ ಹೇಗಿದೆ ಅಂತ ಕೇಳೋರು ಕಮ್ಮಿ.

ಮಷಿನ್ ಮಾಲೀಕರು ಒಬ್ಬರು, ನಡೆಸೋರು ಇನ್ನೊಬ್ಬರು, ಕೆಲಸದವರು ಮೇಸ್ತ್ರಿ ಕಡೆಯವರು, ಜಾಗ ನಮ್ಮದು. ನಿನ್ನೆ ಬೇರೆ ಊರಲ್ಲಿ ಕಾಂಕ್ರೀಟ್ ಕಲಸಿ, ರಾತ್ರಿ ಟ್ರ್ಯಾಕ್ಟರ್ ಹಿಂದೆ ಬಂದ ಮಿಕ್ಸರನ್ನು ಬೆಳಿಗ್ಗೆ ಪರೀಕ್ಷೆ ಮಾಡೋದು ಯಾರು? ಇನ್ನೊಬ್ಬರು ನೋಡಿರ್ತಾರೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಜೆಸಿಬಿಗಾದರೆ ನಂಬರ್ ಪ್ಲೇಟ್ ಇರುತ್ತೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಎಂಪರಿವಾಹನ್ ಆ್ಯಪ್‌ನಲ್ಲಿ ಕೂತಲ್ಲೇ ನೋಡಬಹುದು. ಮಿಕ್ಸರನ್ನು ಕಣ್ಣಾರೆ ನೋಡಲೇಬೇಕು.

ಆದರೆ ಅದಕ್ಕೂ ಮೊದಲು ತಲೆ ಎತ್ತಿ ನೋಡಿ. ಲಿಫ್ಟ್ ಇರೋ ಮಿಕ್ಸರ್‌ನ ಕಂಬ ನಿಲ್ಲಿಸಿದರೆ ಸ್ಲ್ಯಾಬ್‌ಗಿಂತ ಎತ್ತರ. ಓಣಿಯಲ್ಲಿ 11 ಕೆವಿ ಲೈನ್ ಇದ್ದರೆ ಕಂಬ ತಂತಿಗೆ ತಾಗೋದೇ ಬೇಡ, ತೀರಾ ಹತ್ತಿರ ಹೋದರೂ ಕರೆಂಟ್ ಹಾರುತ್ತೆ. ಕಂಬ ಹಿಡಿದವರ ಜೀವ ಅಲ್ಲೇ ಹೋಗಬಹುದು. ಕಟ್ಟಡಕ್ಕೂ 11 ಕೆವಿ ತಂತಿಗೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕು ಅನ್ನೋದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಅದು ಅಲುಗಾಡದ ಗೋಡೆಯ ಲೆಕ್ಕ. ಎತ್ತುವಾಗ ಆ ಕಡೆ ಈ ಕಡೆ ವಾಲೋ ಕಂಬಕ್ಕೆ, ಮೇಲೆ ಸಾಗಿಸೋ ಉದ್ದನೆಯ ಸರಳಿಗೆ ಅಷ್ಟು ಸಾಲದು. ಮಿಕ್ಸರನ್ನು ಮನೆಯ ಇನ್ನೊಂದು ಬದಿಗೆ ನಿಲ್ಲಿಸಿ. ಜಾಗವೇ ಇಲ್ಲ ಅಂದ್ರೆ ಸೆಕ್ಷನ್ ಆಫೀಸ್‌ಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿ. ಲೈನ್‌ಮ್ಯಾನ್ ಖುದ್ದಾಗಿ ಆಫ್ ಆಗಿದೆ ಅನ್ನೋವರೆಗೂ ಕಂಬ ಎತ್ತಬೇಡಿ. ಹೆಂಗೂ ಈಗ ಕರೆಂಟ್ ಹೋಗಿದೆಯಲ್ಲ ಅಂತ ಎತ್ತೋದು ಇದೆಯಲ್ಲ, ಅದರಷ್ಟು ಅಪಾಯ ಇನ್ನೊಂದಿಲ್ಲ.

ಇನ್ನು ಲಿಫ್ಟ್. ರೋಪ್‌ನ ಎಳೆಗಳು ಕಿತ್ತು ಮುಳ್ಳಿನ ಥರ ಎದ್ದಿದ್ದರೆ ಮಷಿನ್ ವಾಪಸ್ ಕಳಿಸಿ. ಖಾಲಿ ಬಕೆಟ್ ಸ್ವಲ್ಪ ಎತ್ತಿ ನಿಲ್ಲಿಸಿ, ಆಮೇಲೆ ಲೋಡ್ ಹಾಕಿ ಇನ್ನೊಮ್ಮೆ. ಜಾರಿದರೆ ಬ್ರೇಕ್ ಸರಿಯಿಲ್ಲ. ಅದರ ಕೆಳಗೆ ಯಾರೂ ನಿಲ್ಲಬಾರದು, ಅದರಲ್ಲಿ ಯಾರೂ ಹತ್ತಿ ಹೋಗಬಾರದು. ಬೆಲ್ಟ್‌ಗೆ ಕವರ್ ಇಲ್ಲದಿದ್ದರೆ ಪಕ್ಕದಲ್ಲಿ ಜಲ್ಲಿ ಹೊರೋ ಅಕ್ಕಂದಿರ ಸೆರಗು, ಜಡೆ ಸಿಕ್ಕಿಕೊಳ್ಳೋಕೆ ಒಂದು ಕ್ಷಣ ಸಾಕು. ಸಂಜೆ ಎಲ್ಲರಿಗೂ ಮನೆಗೆ ಹೋಗೋ ಅವಸರ, ಆದರೂ ಡ್ರಮ್ ಒಳಗೆ ಕೈ ಹಾಕಿ ತೊಳೆಯೋ ಮುಂಚೆ ಇಂಜಿನ್ ಆಫ್ ಆಗಿರಲೇಬೇಕು.

ಕರೆಂಟ್ ವೈಬ್ರೇಟರ್ ಆದರೆ ಪ್ಲಗ್ ನೋಡಿ. ಬರಿ ವೈರನ್ನು ಬೆಂಕಿಕಡ್ಡಿಯಿಂದ ಸಾಕೆಟ್‌ಗೆ ಸಿಕ್ಕಿಸೋ ವಿದ್ಯೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒದ್ದೆ ಕಾಂಕ್ರೀಟ್ ಮೇಲೆ ಬರಿಗಾಲಲ್ಲಿ ನಿಂತವರಿಗೆ ಅದು ಯಮ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆ್ಯಂಪ್‌ನ ಆರ್‌ಸಿಸಿಬಿ ಬೇಕು. ಅದರ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗಬೇಕು.

"ಏನಾಗಲ್ಲ ಬಿಡ್ರಿ, ದಿನಾ ಇದೇ ಕೆಲ್ಸ ನಮ್ದು" ಅಂತಾರೆ. ಸ್ಲ್ಯಾಬ್ ದಿನ ಬೆಳಿಗ್ಗೆ ಜನ ಎಲ್ಲ ಬಂದು ನಿಂತಾಗ ವಾದ ಮಾಡಿ ಗೆಲ್ಲೋದು ಕಷ್ಟ. ಅದಕ್ಕೇ ಹಿಂದಿನ ದಿನ, ಅಡ್ವಾನ್ಸ್ ಹಾಕೋ ಮುಂಚೆ, ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಕೇಳಿ: ರೋಪ್, ಬೆಲ್ಟ್ ಕವರ್, ಪ್ಲಗ್, ಮಿಕ್ಸರ್ ನಿಲ್ಲಿಸೋ ಜಾಗದಿಂದ ನೇರ ಮೇಲಕ್ಕೆ ಒಂದು.